ರುಚಿ ನೋಡುವ ಕೆಲಸ ನನಗೆ ಬಂತು

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ನಮ್ಮ ಯಜಮಾನರು ಕಾರವಾರದಲ್ಲಿ ಮದುವೆ ಊಟದ ಅಡುಗೆಯವರು. ಅವರ ತೂಕವೂ ಸಕ್ಕರೆ ಕಾಯಿಲೆಯೂ ಪೈಪೋಟಿಗೆ ಬಿದ್ದಂತೆ ಏರುತ್ತಿದ್ದವು. ಇನ್ಸುಲಿನ್ ಹೆಚ್ಚಿಸಿದರೂ ಹಿಡಿತಕ್ಕೆ ಬರಲಿಲ್ಲ. ಕೊನೆಗೆ ಮಂಗಳೂರಿನ ವೈದ್ಯರು ಹೊಟ್ಟೆಯ ಚೀಲವನ್ನೇ ಚಿಕ್ಕದು ಮಾಡುವ ಆಪರೇಷನ್ ಸೂಚಿಸಿದರು.

"ಅದಕ್ಕೆ ಮೊದಲು ಎರಡು ವಾರ ಬರೀ ದ್ರವ ಆಹಾರ. ಕೊಬ್ಬು ತುಂಬಿದ ಲಿವರ್ ಕುಗ್ಗಿದರೆ ಒಳಗೆ ಕೆಲಸ ಮಾಡಲು ನಮಗೆ ಜಾಗ ಸಿಗುತ್ತದೆ" ಎಂದರು. ಊಟ ಕಡಿಮೆಯಾಗುವುದರಿಂದ ಇನ್ಸುಲಿನ್ನನ್ನೂ ಇಳಿಸಿ, ದಿನಾ ಬೆರಳು ಚುಚ್ಚಿ ಸಕ್ಕರೆ ನೋಡಲು ಹೇಳಿದರು.

ಆ ಎರಡು ವಾರದ ನಡುವೆಯೇ ಬರುವ ಭಾವಿಕೇರಿಯ ಮದುವೆಯೊಂದರ ಅಡುಗೆಯನ್ನು ಮೊದಲೇ ಒಪ್ಪಿಕೊಂಡಾಗಿತ್ತು.

"ಬೇರೆಯವ್ರಿಗೆ ಬಿಟ್ಟುಕೊಡಿ" ಎಂದೆ.

"ಮಾತು ಕೊಟ್ಟಾಗಿದೆ. ಅಡುಗೆ ನಾ ಮಾಡ್ತೆ, ರುಚಿ ನೀ ನೋಡು."

ನನಗೆ ನಗು ಬಂತು. ನನ್ನ ಸಾರಿಗೆ ಉಪ್ಪು ಹೆಚ್ಚೆಂದೋ ಕಡಿಮೆಯೆಂದೋ ತಕರಾರು ತೆಗೆಯದ ದಿನವೇ ಇರಲಿಲ್ಲ ಅವರಿಗೆ.

ಚಪ್ಪರದ ಹಿಂದೆ ಒಲೆಗಳು ಉರಿಯುತ್ತಿದ್ದವು. ಅವರ ಪಾಲಿಗೆ ಬಾಟಲಿಯಲ್ಲಿ ಬೇಳೆಯ ತಿಳಿ, ಇನ್ನೊಂದರಲ್ಲಿ ನೀರು ಮಜ್ಜಿಗೆ. ನನ್ನ ಅಂಗೈಗೆ ಸೌಟಿನಿಂದ ಹುಳಿ ಹನಿಸಿ ಮುಖವನ್ನೇ ನೋಡುತ್ತ ನಿಂತರು.

"ಎಂತ?"

"ಚಲೋ ಆಗಿದೆ."

"ಚಲೋ ಅಂದ್ರೆ ಎಂತ ತಿಳಿಯೂದು? ಉಪ್ಪು ಹೇಳು, ಖಾರ ಹೇಳು."

ಪಾಯಸ ಕುದಿಯುವ ಹೊತ್ತಿಗೆ ಅವರ ಕೈ ನಡುಗಿತು. ಹಣೆ ಮುಟ್ಟಿದರೆ ತಣ್ಣನೆ ಬೆವರು. ಗಾಬರಿಯಾಗಿ ಕುರ್ಚಿಯಲ್ಲಿ ಕೂರಿಸಿ ಬೆರಳು ಚುಚ್ಚಿದೆ. ಸಕ್ಕರೆ ತೀರಾ ಇಳಿದಿತ್ತು. ಲೋಟದ ನೀರಿಗೆ ಸಕ್ಕರೆ ಕಲಸಿ ಕುಡಿಸಿದೆ.

ಸ್ವಲ್ಪ ಹೊತ್ತಿಗೆ ಕಣ್ಣರಳಿಸಿ, "ಹಂಡೆ ತುಂಬ ಪಾಯಸ ಇಟ್ಕೊಂಡು ನಂಗೆ ಸಕ್ಕರೆ ನೀರಾ?" ಎಂದರು. ಆ ಮಾತು ಕೇಳಿದ ಮೇಲೆ ನನಗೆ ಉಸಿರು ಬಂತು. ಮತ್ತೆ ಪರೀಕ್ಷಿಸಿ, ಸಕ್ಕರೆ ಏರಿದ್ದು ನೋಡಿಯೇ ವೈದ್ಯರಿಗೆ ಫೋನ್ ಮಾಡಿದೆ. ಇನ್ಸುಲಿನ್ನನ್ನು ಅವರು ಇನ್ನಷ್ಟು ಇಳಿಸಿದರು.

ಆಮೇಲೆ ಇವರು ಕುರ್ಚಿಯಿಂದಲೇ ಅಪ್ಪಣೆ ಕೊಟ್ಟರು. ನಾನು ಒಲೆಯಿಂದ ಒಲೆಗೆ ಓಡಾಡಿದೆ.

"ಹುಳಿಗೆ ಇನ್ನೂ ಸ್ವಲ್ಪ ಬೆಲ್ಲ ಬೇಕು" ಎಂದೆ, ಅಳುಕುತ್ತ.

ಒಂದು ಕ್ಷಣ ನನ್ನನ್ನೇ ನೋಡಿ, "ಹಾಕು" ಎಂದರು.

ಪಂಕ್ತಿಯಲ್ಲಿ ಜನ ಹುಳಿಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಹೊಗಳಲು ಬಂದ ಮದುಮಗಳ ಅಪ್ಪನಿಗೆ ಇವರು ನನ್ನ ಕಡೆ ಕೈ ತೋರಿಸಿ, "ಇಂದು ನಾಲಗೆ ಇವಳದ್ದು" ಎಂದರು. ನಾಚಿಕೆಯಾಗಿ ಒಲೆ ಕಡೆ ತಿರುಗಿಕೊಂಡೆ.

ಆಪರೇಷನ್ ಸುಸೂತ್ರವಾಯಿತು. ಲಿವರ್ ಚೆನ್ನಾಗಿ ಕುಗ್ಗಿತ್ತು ಎಂದು ವೈದ್ಯರು ಮೆಚ್ಚಿದರು. ಮನೆಗೆ ಕಳಿಸುವಾಗ ಇನ್ಸುಲಿನ್ ನಿಲ್ಲಿಸಿ ಮಾತ್ರೆಯಷ್ಟೇ ಕೊಟ್ಟರು.

ವಾಪಸು ಬರುವ ರೈಲಿನಲ್ಲಿ ಪಕ್ಕದ ಸೀಟಿನ ದಪ್ಪನೆಯ ಮನುಷ್ಯನಿಗೆ ಇವರು ಕುಂದಾಪುರ ದಾಟುತ್ತಲೇ ಶುರುಮಾಡಿ ಪೂರ್ತಿ ಕತೆ ಹೇಳಿದರು. ಅಂಕೋಲಾದಲ್ಲಿ ಇಳಿಯುವಾಗ ಆತ, "ನಾಳೆ ನಾನೂ ಸಕ್ಕರೆ ನೋಡಿಸ್ತೆ ಮಾರಾಯ್ರೆ" ಎಂದ. ಇವರು ಖುಷಿಯಿಂದ ತಲೆಯಾಡಿಸಿ, ಗುಟುಕು ಗುಟುಕಾಗಿ ನೀರು ಕುಡಿಯುತ್ತ ಕಿಟಕಿಯಾಚೆ ನೋಡತೊಡಗಿದರು.