ಹಸು ಕರೆಯುವವರು: ಚೈತ್ರ

ನಿನ್ನೆ ನನ್ನ ಮೇಜಿನ ಮೇಲೆ ಮೂವತ್ತೆಂಟು ಯೋಜನಾ ಪತ್ರಗಳು ಬಂದು ಬಿದ್ದವು. ಎಲ್ಲವೂ ಪಾಂಡವಪುರದ ನಮ್ಮ ಕಾಲೇಜಿನ ಮೂರನೇ ವರ್ಷದ ಬಿ.ಎಸ್ಸಿ. ನರ್ಸಿಂಗ್ ಮಕ್ಕಳ ಕೈಬರಹ. ಪ್ರತಿಯೊಂದರ ಸುತ್ತಲೂ ಸ್ಕೆಚ್ ಪೆನ್ನಿನ ಬಳ್ಳಿ, ಬಳ್ಳಿಗೆ ಹೂವು, ಹೂವಿಗೆ ಮಿರಮಿರ ಮಿನುಗುವ ಪುಡಿ. ಆ ಪುಡಿ ಈಗಲೂ ನನ್ನ ಸೀರೆಯ ಮೇಲಿದೆ. ಮೊದಲು ಕೈಗೆ ಬಂದದ್ದು ತೊಣ್ಣೂರಿನ ಶಾಲೆಯ ಮಕ್ಕಳಿಗೆ ಕೈ ತೊಳೆಯುವುದನ್ನು ಕಲಿಸುವ ಯೋಜನೆ. ಸಾಬೂನು ತರುವವರು ಇಂಥವರು, ಹೆಡ್‌ಮಾಸ್ಟರರ ಅನುಮತಿ ಕೇಳುವವರು ಇಂಥವರು ಎಂದು ಓದುತ್ತಾ ಹೋದೆ. ಅದರ ಕೆಳಗೆ ಹೀಗಿತ್ತು: 'ಹಸು ಕರೆಯುವವರು: ಚೈತ್ರ. ಎಡವಟ್ಟಾದರೆ: ಹಳೇ ಸೀರೆ ಹೊದೆಯುವುದು.'

ನನಗೆ ಬಂದ ಸಿಟ್ಟನ್ನು ನೀವೇ ಊಹಿಸಿಕೊಳ್ಳಿ. ಆ ತರಗತಿಯಲ್ಲಿ ಚೈತ್ರ ಎನ್ನುವ ಹುಡುಗಿಯೇ ಇಲ್ಲ. ಬರೆದ ಸಿಂಚನಾಳನ್ನು ಕರೆಸಿದೆ.

"ಯಾರಮ್ಮ ಈ ಚೈತ್ರ?"

"ಗೊತ್ತಿಲ್ಲ ಮೇಡಂ. ಸೀನಿಯರ್ಸ್ ಪ್ಲಾನಲ್ಲಿತ್ತು."

"ಮತ್ತೆ ಹಸು?"

"ಸ್ಕೂಲಲ್ಲಿ ಮಕ್ಳಿಗೆ ಹಾಲು ಕೊಡ್ತಾರಲ್ಲ, ಅದ್ಕಿರ್ಬೋದು ಮೇಡಂ."

ಮಧ್ಯಾಹ್ನ ಬಾ ಎಂದು ಅವಳನ್ನು ಕಳಿಸಿ ತಲೆ ಹಿಡಿದುಕೊಂಡು ಕೂತೆ. ಆ ಹಸು ಎಲ್ಲಿಂದ ಬಂತು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಯೋಜನೆ ಮಾಡುವುದನ್ನು ಕಲಿಸುವುದು ಎಂಥ ತಲೆನೋವು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಸೂಜಿ ಚುಚ್ಚುವುದನ್ನು ಕಲಿಸಬಹುದು, ಬ್ಯಾಂಡೇಜು ಸುತ್ತುವುದನ್ನು ಕಲಿಸಬಹುದು. ನಾಳೆ ನರ್ಸುಗಳಾಗಿ ಊರೂರಿನಲ್ಲಿ ಲಸಿಕೆ ಹಾಕಬೇಕಾದ ಈ ಹುಡುಗಿಯರಿಗೆ 'ಇವತ್ತೇ ನಾಳೆಯದನ್ನು ಯೋಚಿಸಿ' ಎನ್ನುವುದನ್ನು ಮಾತ್ರ ಕಲಿಸಲಾಗದೆ ನನ್ನ ಅರ್ಧ ಕೂದಲು ಬೆಳ್ಳಗಾಗಿದೆ. ನನ್ನ ನಮೂನೆಯಲ್ಲಿ ಐದೇ ಕಾಲಂ. ಏನು ಕೆಲಸ, ಯಾರು, ಯಾವಾಗ, ಏನೇನು ಬೇಕು, ಎಡವಟ್ಟಾದರೆ ಏನು. ಕೊನೆಯದರಲ್ಲಿ ಒಬ್ಬಳು 'ಆಗಲ್ಲ' ಎಂದು ಬರೆಯುತ್ತಾಳೆ, ಇನ್ನೊಬ್ಬಳು 'ದೇವರಿದ್ದಾನೆ' ಎಂದು. ಉಳಿದವರು ಹಿಂದಿನ ವರ್ಷದವರದನ್ನು ತಪ್ಪುಗಳ ಸಮೇತ ನಕಲು ಮಾಡುತ್ತಾರೆ.

ನಾನಾದರೋ ಪಟ್ಟಿಯ ಹೆಂಗಸು. ನಮ್ಮ ಮನೆ ಶ್ರೀರಂಗಪಟ್ಟಣದಲ್ಲಿ. ಕರಿಘಟ್ಟ ಹತ್ತುವುದಕ್ಕೂ ನಾನು ಪಟ್ಟಿ ಬರೆಯುತ್ತೇನೆ, ಅದರಲ್ಲಿ 'ಇಳಿಯುವುದು' ಎಂದೂ ಒಂದು ಸಾಲಿರುತ್ತದೆ ಎಂದು ನಮ್ಮ ಯಜಮಾನರು ಬಂದವರೆದುರಿಗೆಲ್ಲ ಆಡಿಕೊಳ್ಳುತ್ತಾರೆ. ಪೂರ್ತಿ ಸುಳ್ಳೇನಲ್ಲ.

ಚೈತ್ರ ನಾಲ್ಕೈದು ವರ್ಷದ ಹಿಂದಿನ ವಿದ್ಯಾರ್ಥಿನಿ, ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದವಳು. ಅವಳ ಊರಿನಲ್ಲೇ ಸಕ್ಕರೆ ಕಾಯಿಲೆ ತಪಾಸಣೆ ಇಟ್ಟುಕೊಂಡಿದ್ದೆವು. ಬರೀ ಹೊಟ್ಟೆಯಲ್ಲಿ ನೋಡಬೇಕಾದ ರಕ್ತ. ಎಲ್ಲರೂ ಪುಟಗಟ್ಟಲೆ ಬರೆದು ತಂದರೆ ಚೈತ್ರಳ ನಮೂನೆಯಲ್ಲಿದ್ದದ್ದು ಒಂದೇ ಸಾಲು: 'ಡೇರಿ ಹತ್ತಿರ, ಆರು ಗಂಟೆ.' ಉಳಿದದ್ದೆಲ್ಲ ಖಾಲಿ.

"ಇದೇನೇ ಇದು?" ಎಂದೆ.

"ನಮ್ಮೂರಲ್ಲಿ ಹಾಲಾಕ್ಬುಟ್ಟು ಬಂದ್ಮೇಲೇನೆ ಮೇಡಂ ಕಾಪಿ ಕಾಯ್ಸೋದು. ಆರ್ ಗಂಟೆಗೆ ಡೇರಿ ತಾವ ಕುಂತ್ಕಂಡ್ರೆ ಎಲ್ರೂ ಬರೀ ಹೊಟ್ಟೇಲಿ ಸಿಕ್ತಾರೆ."

"ಕಾಲೇಜು ಬಸ್ಸು ಹೊರಡೋದೇ ಎಂಟಕ್ಕೆ. ಮೊದಲು ಕಾಲಂ ತುಂಬೋದು ಕಲಿ" ಎಂದು ಕೆಂಪು ಇಂಕಿನಲ್ಲಿ 'ಅಪೂರ್ಣ' ಎಂದು ಬರೆದು ಕಾಗದವನ್ನು ನನ್ನ ಚೀಲಕ್ಕೇ ಹಾಕಿಕೊಂಡೆ.

ಆ ದಿನ ಒಂಬತ್ತೂವರೆಗೆ ಸಿಂಧಘಟ್ಟದ ಶಾಲೆಯಲ್ಲಿ ಬ್ಯಾನರು, ಮೇಜು, ಕುರ್ಚಿ, ಹತ್ತಿ ಎಲ್ಲ ನನ್ನ ಪಟ್ಟಿಯ ಪ್ರಕಾರವೇ ಸಜ್ಜಾಗಿದ್ದವು. ಜನವೂ ಬಂದರು. "ಏನಾದ್ರೂ ತಿಂದಿದ್ದೀರಾ?" ಎಂದು ಮೊದಲನೆಯ ಅಜ್ಜನನ್ನು ಕೇಳಿದೆ.

"ಎರಡು ಮುದ್ದೆ ಉಂಡ್ಕಂಡೇ ಬಂದಿವ್ನಿ ಕಣವ್ವ. ಇಷ್ಟೊತ್ತಾದ್ರೂ ಉಣ್ದೆ ಇರಕ್ಕೆ ನಾನೇನ್ ಮುನಿಸ್ಕಂಡಿದ್ದೀನಾ?"

ಎಲ್ಲರದೂ ಊಟವಾಗಿತ್ತು. ಬ್ಯಾನರು ಸುತ್ತಿಕೊಂಡು ವಾಪಸು ಬಂದೆವು. ಬಸ್ಸಿನಲ್ಲಿ ಚೈತ್ರ ಬ್ಯಾನರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಡೇರಿಯ ಮಾತೆತ್ತಿದ್ದರೆ ಗದರಿಸಿಯಾದರೂ ಹಗುರಾಗುತ್ತಿದ್ದೆ. ಪಾಂಡವಪುರದಲ್ಲಿ ಇಳಿಯುವಾಗ ರಕ್ತ ನೋಡುವ ಮಿಷನ್ನನ್ನು ಅವಳ ಕೈಗಿಟ್ಟು, "ಹೋಗು, ನಿನ್ನ ಡೇರಿ ಹತ್ತಿರ ನೀನೇ ಮಾಡು" ಎಂದೆ. ಹೇಳಿದ್ದು ಸಿಟ್ಟಿನಿಂದ. ಅವಳು ಅದನ್ನು ಅಪ್ಪಣೆ ಎಂದುಕೊಂಡಳು.

ಭಾನುವಾರ ನಸುಕಿನಲ್ಲಿ ಮಾಡಿಯೂ ಬಿಟ್ಟಳು. ಅವಳು ಬೆರಳು ಚುಚ್ಚುವುದು, ನಾಗಮಂಗಲದ ಗೆಳತಿಯೊಬ್ಬಳು ಮಿಷನ್ ನೋಡಿ ಬರೆದುಕೊಳ್ಳುವುದು. ಪುಸ್ತಕ ಒಯ್ಯುವುದನ್ನು ಮರೆತು ಡೇರಿಯ ಚೀಟಿಗಳ ಹಿಂದೆಯೇ ಬರೆದಿದ್ದರು. ಸೋಮವಾರ ಆ ಚೀಟಿಗಳನ್ನು ನೋಡುತ್ತಾ ಬಂದವಳು ಒಂದನ್ನು ನೋಡಿ ನಿಂತೆ. 'ಜಯಮ್ಮ, 412.' ಬರೀ ಹೊಟ್ಟೆಯಲ್ಲಿ ನೂರರ ಆಸುಪಾಸಿರಬೇಕಾದದ್ದು.

"ಯಾವ ಜಯಮ್ಮ?"

ಚೈತ್ರ ಗೆಳತಿಯ ಮುಖ ನೋಡಿದಳು. ಆವತ್ತು ಸಾಲಿನಲ್ಲಿ ನಾಲ್ವರು ಜಯಮ್ಮಂದಿರು ಇದ್ದರಂತೆ.

"ನಾನ್ ಚುಚ್ಚದ್ರಲ್ಲೇ ಇದ್ದೆ ಮೇಡಂ, ನಂಬರ್ ನೋಡ್ಲೇ ಇಲ್ಲ" ಎಂದಳು ಚೈತ್ರ.

"ಕೊನೇಲಿ ಎಲ್ರಿಗೂ ಒಟ್ಗೆ ಹೇಳನ ಅಂತಿದ್ದೆ ಮೇಡಂ" ಎಂದಳು ಗೆಳತಿ. "ಅಷ್ಟೊತ್ಗೆ ಕ್ಯಾನ್ ಎತ್ಕಂಡು ಎಲ್ರೂ ಹೊರಟೋಗಿದ್ರು."

ಕೂಗಾಡಿದೆ. ಹತ್ತಿರದ ಎರಡು ತರಗತಿಗೆ ಕೇಳಿಸುವಷ್ಟು ಕೂಗಾಡಿದೆ. ಎಲ್ಲೋ ಒಬ್ಬ ಹೆಂಗಸು ಯಾವ ಗಳಿಗೆಯಲ್ಲಾದರೂ ಪ್ರಜ್ಞೆ ತಪ್ಪಿ ಬೀಳಬಹುದು, ಅವಳು ಯಾರೆಂದು ನಮಗೆ ಗೊತ್ತಿಲ್ಲ. ನನಗೆ ನಿಜವಾಗಿ ಭಯವಾಗಿತ್ತು. ಚೈತ್ರಳನ್ನು ಕರೆದುಕೊಂಡು ಸಿಕ್ಕ ಬಸ್ಸು ಹತ್ತಿದೆ.

ಮೂವರು ಜಯಮ್ಮಂದಿರು ಮನೆಯಲ್ಲೇ ಸಿಕ್ಕರು. ಮತ್ತೆ ಚುಚ್ಚಿ ನೋಡಿದೆವು, ಮೂವರೂ ನಮಗಿಂತ ಗಟ್ಟಿಯಾಗಿದ್ದರು. ನಾಲ್ಕನೆಯವಳ ಮನೆಗೆ ಬೀಗ.

"ಮನೇಲಿಲ್ಲದಿದ್ರೆ ಏನು ಅಂತ ಒಂದು ಸಲವಾದರೂ ಯೋಚಿಸಿದ್ದೀಯಾ?" ಎಂದು ಬೀದಿಯಲ್ಲೇ ಕೇಳಿದೆ.

"ಸಂಜೆ ಡೇರಿಗೆ ಬಂದೇ ಬತ್ತಾರೆ ಮೇಡಂ. ಹಸ ಬುಟ್ಟು ಎಲ್ಗೋಗ್ತಾರೆ?"

ಸಂಜೆ ನಾಲ್ಕನೆಯ ಜಯಮ್ಮ ಕ್ಯಾನು ಹಿಡಿದುಕೊಂಡು ಡೇರಿಗೆ ಬಂದರು, ಐವತ್ತು ದಾಟಿದ ಸಣಕಲು ಹೆಂಗಸು. ಚೈತ್ರಳಿಗೆ ದೂರದ ಸೋದರತ್ತೆ. ನೋಡಿದರೆ ಇನ್ನೂ ನಾನೂರರ ಮೇಲೇ ಇದೆ. ಈಗಲೇ ಕೆ.ಆರ್. ಪೇಟೆ ಆಸ್ಪತ್ರೆಗೆ ಹೋಗಿ ಸೇರಬೇಕು ಎಂದೆ.

"ನಾನೋದ್ರೆ ಬೆಳಗ್ಗೆ ಹಸ ಕರೆಯೋರ್ ಯಾರವ್ವ? ನನ್ ಬುಟ್ಟು ಬ್ಯಾರೆಯೋರ್ಗೆ ಹಾಲು ಬುಡಲ್ಲ ಅದು. ಮುಂದಿನ್ ವಾರ ನೋಡನ ಬುಡು."

ಕಾಯಿಲೆಯ ವಿಷಯ ನಾನು ಹೇಳಿದ್ದೆಲ್ಲ ಅವರ ಕಿವಿಗೆ ಹೋಗಲೇ ಇಲ್ಲ. ಹಸುವಿನ ಹತ್ತಿರ ಸುಳಿಯುವುದಕ್ಕೂ ಹೆದರುವವಳು ನಾನು, ನನ್ನ ಐದು ಕಾಲಂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಆಗ ಚೈತ್ರ, "ನಾನ್ ಕರಿತೀನಿ ಕಣತ್ತೆ. ನಿನ್ ಹಳೇ ಸೀರೆ ಹೊದ್ಕಂಡು ಕೂತ್ಕತೀನಿ. ವಾಸ್ನೆ ಹಿಡ್ದು ನೀನೇ ಅನ್ಕಂಡು ಬುಡ್ತದೆ" ಎಂದಳು.

ಜಯಮ್ಮನಿಗೆ ಆಗಲೂ ಅನುಮಾನ. "ಇವತ್ತು ಅಂತೀಯೆ, ನಾಳೆ ಮರ್ತೋಯ್ತೀಯೆ."

ನನ್ನ ಚೀಲದಲ್ಲಿ ಆ 'ಅಪೂರ್ಣ' ಕಾಗದ ಇತ್ತು. ತೆಗೆದುಕೊಟ್ಟೆ. ಚೈತ್ರ ಅದನ್ನು ಹಾಲಿನ ಕ್ಯಾನಿನ ಮುಚ್ಚಳದ ಮೇಲಿಟ್ಟುಕೊಂಡು ಒಂದೊಂದೇ ಕಾಲಂ ತುಂಬಿ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು. ಹಸು ಕರೆಯುವವರು, ಚೈತ್ರ. ಎರಡು ಹೊತ್ತೂ ಆರು ಗಂಟೆ. ಎಡವಟ್ಟಾದರೆ, ಹಳೇ ಸೀರೆ.

"ಬರ್ದಿದ್ದೀಯಾ? ನಿಮ್ ಮೇಡಂ ಕೈಲೂ ರುಜು ಹಾಕ್ಸು" ಎಂದರು ಜಯಮ್ಮ. ಹಾಕಿದೆ. ಆಮೇಲೆಯೇ ಅವರು ಆಸ್ಪತ್ರೆಗೆ ಹೊರಟದ್ದು. ಚೈತ್ರ ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ, ನಾನೂ ಕೇಳಲಿಲ್ಲ. ಆ ಕಾಗದವನ್ನು ಮಾದರಿ ಎಂದು ಲೈಬ್ರರಿಯ ಫೈಲಿಗೆ ಸೇರಿಸಿದವಳು ನಾನೇ. ಅಂದಿನಿಂದ ವರ್ಷ ವರ್ಷವೂ ಅದು ನಕಲಾಗುತ್ತಾ ಬಂದಿರಬೇಕು.

ನಿನ್ನೆ ಸಿಂಚನಾಳ ಪತ್ರದ ಫೋಟೊ ತೆಗೆದು ಚೈತ್ರಳಿಗೆ ಕಳಿಸಿದೆ. ಅವಳೀಗ ನಾಗಮಂಗಲದ ಕಡೆ ಆಸ್ಪತ್ರೆಯೊಂದರಲ್ಲಿ ನರ್ಸು. ಮಧ್ಯಾಹ್ನ ಉತ್ತರ ಬಂತು. 'ಈ ವಾರ ನಂಗೆ ನೈಟ್ ಡ್ಯೂಟಿ ಮೇಡಂ. ಕರೆಯಕ್ಕೆ ಬೇರೆಯೋರ್ನ ಹಾಕಿ.' ಅದರ ಬೆನ್ನಿಗೇ ಇನ್ನೊಂದು. 'ಅತ್ತೆ ಚೆನ್ನಾಗವ್ರೆ. ಹಾಲಾಕಿ ಬಂದು ಸೂಜಿ, ಆಮೇಲೆ ಕಾಪಿ.'

ಅಷ್ಟರಲ್ಲಿ ಸಿಂಚನಾ ಬಂದು ಬಾಗಿಲಲ್ಲಿ ನಿಂತಿದ್ದಳು. ನಾಳೆ ತೊಣ್ಣೂರಿಗೆ ಹೋಗು, ಮಕ್ಕಳು ಊಟಕ್ಕೆ ಏಳುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಕಣ್ಣಾರೆ ನೋಡಿಕೊಂಡು ಬಂದು ಬರಿ ಎಂದೆ. ಸುತ್ತ ಬಳ್ಳಿ ಬರೆದರೆ ಮಾತ್ರ ಹರಿದು ಹಾಕುತ್ತೇನೆ ಎಂದೂ ಹೇಳಿದೆ. ತಲೆಯಾಡಿಸಿದಳು. ಕಾಗದ ತೆಗೆದುಕೊಂಡು ಹೋಗುತ್ತಿದ್ದವಳು ತಿರುಗಿ ಕೇಳಿದಳು:

"ಮೇಡಂ, ಹಸು ಹೊಡ್ದಾಕ್ಬಿಡ್ಲಾ?"

ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು. "ಇರಲಿ ಬಿಡು," ಎಂದೆ. "ಚೈತ್ರ ಅನ್ನೋದು ಹೊಡೆದು ನನ್ನ ಹೆಸರು ಬರಿ."