ಎತ್ತುವ ಪೆಟ್ಟು

ನಮ್ಮ ತಮಟೆ ಮೇಳದ ಧ್ವನಿಮುದ್ರಣ ಆದದ್ದು ಎರಡೇ ಸಲ. ಮೊದಲನೆಯದು ನನ್ನ ಬಳಿ ಇಲ್ಲ. ಎರಡನೆಯದು ಇದೆ. ಅರವತ್ತು ನಿಮಿಷದ ಒಂದು ಕ್ಯಾಸೆಟ್ಟು, ಮೇಲೆ ನನ್ನದೇ ಕೈಬರಹ. ಅದರ ಕೊನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬರೆದಿಡಬೇಕೆಂದು ಬಹಳ ವರ್ಷಗಳಿಂದ ಅಂದುಕೊಂಡಿದ್ದೇನೆ. ನೆನಪಿರುವಷ್ಟನ್ನು ಮಾತ್ರ ಬರೆಯುತ್ತೇನೆ.

ಮೇಳ ಕಟ್ಟಿದ್ದು ನನ್ನ ತಾತ. ನಮ್ಮೂರು ಐ.ಡಿ.ಹಳ್ಳಿ ಹೋಬಳಿಯ ಸಣ್ಣ ಹಳ್ಳಿ. ನಮ್ಮ ಕೇರಿಯ ಏಳು ಜನ, ಪಾವಗಡದ ಕಡೆಯ ನೆಂಟರಿಬ್ಬರು, ಒಟ್ಟು ಒಂಬತ್ತು ತಮಟೆ. ದೂರದಿಂದ ಕೇಳಿದವರಿಗೆ ಒಂಬತ್ತೂ ಒಂದೇ ಸದ್ದು ಅನ್ನಿಸುತ್ತಿತ್ತು. ಹಾಗಲ್ಲ. ಒಬ್ಬನದು ಶುರು ಮಾಡಿ ನಡೆಸುವ, ಎತ್ತುವ ಪೆಟ್ಟು, ನಾಲ್ವರದು ನಡುವಿನ ಪೆಟ್ಟು, ಉಳಿದ ನಾಲ್ವರದು ಕಟ್ಟುವ ಪೆಟ್ಟು. ಒಬ್ಬ ಬಿಟ್ಟ ಜಾಗಕ್ಕೆ ಇನ್ನೊಬ್ಬನ ಕೋಲು ಬೀಳಬೇಕು. ಮೂರೂ ಕೂಡಿದಾಗ ಮಾತ್ರ ಅದೊಂದು ವರಸೆ. ಮದುವೆಗೊಂದು ವರಸೆ, ದೇವರಿಗೊಂದು, ಸಾವಿಗೊಂದು. ತಾತ ಹೋದ ಮೇಲೆ ಎತ್ತುವ ಪೆಟ್ಟು ಅಪ್ಪನಿಗೆ ಬಂತು. ಅದನ್ನು ಅಪ್ಪ ಬೇರೆ ಯಾರಿಗೂ ಕಲಿಸಲಿಲ್ಲ. ನನಗೆ ಕಲಿಸಬೇಕೆಂದಿದ್ದ, ನಾನು ಓದಲು ಮಧುಗಿರಿಯ ಹಾಸ್ಟೆಲ್ಲು ಸೇರಿದೆ.

ಮೊದಲ ಧ್ವನಿಮುದ್ರಣ ಎಪ್ಪತ್ತರ ದಶಕದ ನಡುವಿನಲ್ಲಿ. ಕೊಡಿಗೇನಹಳ್ಳಿಯಲ್ಲಿ ನಮ್ಮವರು ಬಾರಿಸುವುದನ್ನು ಕೇಳಿದ ರೇಡಿಯೋ ಕೇಂದ್ರದ ಒಬ್ಬ ಅಧಿಕಾರಿ ಮೇಳವನ್ನು ಪಟ್ಟಣಕ್ಕೆ ಕರೆಸಿದರು. ಕಾಗದ ಓದಿ ಹೇಳಲು ನಾನೂ ಜೊತೆಗೆ ಹೋಗಿದ್ದೆ. ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು. ಕಾದರೆ ಚರ್ಮ ಬಿಗಿಯುತ್ತದೆ, ಸದ್ದು ಸಿಡಿಯುತ್ತದೆ. ಆರಿದರೆ ಜೋಲುತ್ತದೆ. ನಮ್ಮವರು ಕಟ್ಟಡದ ಹೊರಗೆ ಹಳೇ ಪೇಪರು ಉರಿಸಿ ಚೆನ್ನಾಗಿಯೇ ಕಾಯಿಸಿಕೊಂಡು ಒಳಗೆ ಹೋದರು. ಒಳಗೆ ಕಿಟಕಿಯಿಲ್ಲದ, ತಣ್ಣಗಿನ ಕೋಣೆ. ಗೋಡೆಗೆಲ್ಲ ಮೆತ್ತನೆಯ ಹಲಗೆ. ಯಂತ್ರದ ಮುಂದೆ ಕೂತವರು ಒಬ್ಬೊಬ್ಬರಿಗೂ ಬಾರಿಸಲು ಹೇಳಿ, ಮೈಕು ಅತ್ತಿತ್ತ ಸರಿಸಿ, ಮತ್ತೆ ಬಾರಿಸಲು ಹೇಳಿ, ಅರ್ಧ ಗಂಟೆ ಕಳೆದರು.

ಅಪ್ಪ ಬೆರಳಲ್ಲಿ ಚರ್ಮ ಮುಟ್ಟಿ ನೋಡಿ ಕೇಳಿದ: "ಸ್ವಾಮಿ, ಒಂಚೂರು ಬೆಂಕಿ ಬೇಕಾಗಿತ್ತು."

"ಇಲ್ಲಿ ಬೀಡೀನೂ ಹಚ್ಚೋ ಹಾಗಿಲ್ಲಪ್ಪ" ಅಂದರು ಅವರು. ಸಿಟ್ಟಿನಿಂದ ಹೇಳಿದ್ದಲ್ಲ. ಬೆಂಕಿ ಯಾಕೆಂದು ಅವರು ಕೇಳಲಿಲ್ಲ. ಅಪ್ಪ ಹೇಳಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ.

ಅದು ರೇಡಿಯೋದಲ್ಲಿ ಬಂದ ದಿನ ಪಂಚಾಯಿತಿ ಕಟ್ಟೆಯ ಮುಂದೆ ಊರೇ ಸೇರಿತ್ತು. ಶುರುವಾಗಿ ಸ್ವಲ್ಪ ಹೊತ್ತಿಗೆ ಯಾರೋ ಅಂದರು, "ಇದೇನ್ಲಾ, ಮಳೇಲಿ ನೆಂದಿರೋ ಗೋಣಿಚೀಲ ಬಡ್ದಂಗೈತೆ."

ಜನ ನಕ್ಕರು. ಅಪ್ಪನೂ ನಕ್ಕ. ಮನೆಗೆ ಬಂದ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದ: "ಅದು ನಮ್ದಲ್ಲ ಕಣ್ಲಾ. ಸಾಯೋದ್ರೊಳಗೆ ಒಂದು ಸಲನಾದ್ರೂ ನಮ್ದು ನಮ್ದಂಗೇ ಹಿಡಿಸ್ಬೇಕು. ಬೆಂಕಿ ಪಕ್ಕದಾಗೆ ಕುಂತು."

ಅವನು ನನ್ನಿಂದ ಕೇಳಿದ್ದು ಅದೊಂದನ್ನೇ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಕೊರಟಗೆರೆ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಂದು ಬೆಳಿಗ್ಗೆ ಅಜ್ಜಿ ತೀರಿಕೊಂಡಳೆಂದು ಸುದ್ದಿ ಬಂತು. ನಾನು ಊರು ಮುಟ್ಟಿದಾಗ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅಪ್ಪ ಇರಲಿಲ್ಲ, ಮೇಳದವರು ಯಾರೂ ಇರಲಿಲ್ಲ. ದೊಡ್ಡ ಬೀದಿಯ ಯಜಮಾನರೊಬ್ಬರು ಅದೇ ಬೆಳಿಗ್ಗೆ ತೀರಿಹೋಗಿದ್ದರು. ಒಂಬತ್ತೂ ತಮಟೆ ಅವರ ಮನೆಯ ಮುಂದಿದ್ದವು. ನಮ್ಮ ಮನೆಯಲ್ಲಿ ಹೆಣವಿದೆ ಎಂದು ಅಪ್ಪ ಹೇಳಿದ್ದನಂತೆ. ಮೊದಲು ಇದಾಗಲಿ ಎಂದು ಆ ಮನೆಯವರು ಅಂದರಂತೆ. ಹಗಲೆಲ್ಲ ನಾನು ಅಜ್ಜಿಯ ಪಕ್ಕ ಕೂತು, ಆ ಬೀದಿಯ ಸಾವಿನ ವರಸೆಯನ್ನು ಕೇಳಿದೆ. ಅವರು ಮರಳಿದಾಗ ಬಿಸಿಲು ಇಳಿದಿತ್ತು. ಅಪ್ಪನ ಬಲಗೈ ಬೆರಳು ಒಡೆದು ರಕ್ತ ಒಣಗಿತ್ತು. ಅದೇ ಕೈಯಲ್ಲಿ ತನ್ನ ತಾಯಿಗೂ ಬಾರಿಸಿದ.

ಆ ವರ್ಷವೇ ನಮ್ಮ ಕೇರಿಯ ಓದಿದ ಹುಡುಗರು ಸೇರಿ, ಇನ್ನು ಮೇಲೆ ಯಾರೂ ತಮಟೆ ಮುಟ್ಟಬಾರದೆಂದು ತೀರ್ಮಾನಿಸಿದೆವು. ಮದುವೆಗಿಲ್ಲ, ದೇವರಿಗಿಲ್ಲ, ಸಾವಿಗಂತೂ ಇಲ್ಲ. ನಮ್ಮ ಮನೆಯ ಸಾವಿಗೂ ಇಲ್ಲ. ಆ ಕೊನೆಯ ಮಾತನ್ನು ಸೇರಿಸಿದವನು ನಾನು. ನಮಗಾಗಿ ಬಾರಿಸಿಕೊಂಡರೆ ನಾಳೆ ಅವರೂ ಕರೆಯುತ್ತಾರೆ ಎಂಬುದು ನನ್ನ ವಾದ. ತೀರ್ಮಾನ ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ.

ಅಪ್ಪ ಎದುರಾಡಲಿಲ್ಲ. "ಆಗ್ಲಿ ಮೇಷ್ಟ್ರೇ" ಅಂದ. ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಆಮೇಲೆ ಅಂದ: "ಬುಟ್ಬುಡ್ತೀವಿ. ಬುಡೋಕೆ ಮುಂಚೆ ಒಂದ್ಸಲ ಹಿಡ್ಸಿಬುಡು."

ಶಾಲೆಯ ಗೆಳೆಯರೊಬ್ಬರ ಟೇಪ್ ರೆಕಾರ್ಡರ್ ತಂದೆ. ಸಿರಾದ ಅಂಗಡಿಯಲ್ಲಿ ಕ್ಯಾಸೆಟ್ಟು ಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಕೇರಿಯ ಹಿಂದಿನ ಬಯಲಿನಲ್ಲಿ ಒಂಬತ್ತೂ ಜನ ಸೇರಿದರು. ನಡುವೆ ರಾಗಿಹುಲ್ಲಿನ ಬೆಂಕಿ. ಪಾವಗಡದ ನೆಂಟರಲ್ಲೊಬ್ಬನಾದ ಮಾವ ನನ್ನ ಯಂತ್ರವನ್ನು ಬಗ್ಗಿ ನೋಡಿ, ತನ್ನ ತೆಲುಗಿನಲ್ಲಿ ಅಳಿಯನೆಂದು ಕರೆದು, "ಏಮಿ ಅಲ್ಲುಡಾ, ಒಂಬತ್ತು ಜನಾನೂ ಇದ್ರೊಳಗೆ ಹಿಡೀತೀವಾ?" ಅಂದ.

"ನಿನ್ ಹೊಟ್ಟೆ ಒಂದು ಹಿಡಿಯಾಕಿಲ್ಲ, ಮಿಕ್ಕಿದ್ದೆಲ್ಲ ಹಿಡೀತೈತೆ" ಅಂದ ಚಿಕ್ಕಪ್ಪ. ಅವನು ಅಪ್ಪನ ತಮ್ಮ, ನಡುವಿನ ಪೆಟ್ಟಿನವರಲ್ಲಿ ಹಿರಿಯ.

ಎರಡು ಗುಂಡಿ ಒಟ್ಟಿಗೆ ಒತ್ತಿದೆ. ಮುದ್ರಣ ಶುರುವಾಯಿತು. ಅವತ್ತಿನ ಸದ್ದನ್ನು ಬರೆದು ತಿಳಿಸಲಾರೆ. ಕ್ಯಾಸೆಟ್ಟಿನಲ್ಲಿ ಅದಿದೆ. ಹುಲ್ಲು ಚಟಚಟ ಉರಿಯುವುದೂ ಇದೆ. ಪ್ರತಿ ವರಸೆಯಾದ ಮೇಲೂ ಅವರು ಎದ್ದು ತಮಟೆ ಕಾಯಿಸಿಕೊಂಡು ಬರುತ್ತಿದ್ದರು. ಅಷ್ಟು ಹೊತ್ತೂ ಟೇಪು ಓಡಲು ಬಿಟ್ಟೆ. ಮೊದಲ ಬದಿ ಮುಗಿಯಿತು, ಎರಡನೆಯ ಬದಿಯೂ ಅರ್ಧ ದಾಟಿತು. ಅಪ್ಪ ತಮಟೆಯನ್ನು ಮತ್ತೊಮ್ಮೆ ಬೆಂಕಿಗೆ ಹಿಡಿದು ತಂದು, ಎದೆಗೆ ಏರಿಸಿಕೊಂಡು, ಯಾರಿಗೂ ಏನೂ ಹೇಳದೆ ಎರಡು ಪೆಟ್ಟು ಹಾಕಿದ. ನಿಧಾನವಾಗಿ, ನಡುವೆ ಒಂದು ಉಸಿರಿನಷ್ಟು ಬಿಟ್ಟು. ಸಾವಿನ ವರಸೆ ಹಾಗೆಯೇ ಏಳುವುದು. ಉಳಿದ ಎಂಟೂ ಕೋಲುಗಳು ಮೇಲಕ್ಕೆದ್ದವು.

ನಾನು ಸ್ಟಾಪ್ ಒತ್ತಿದೆ.

"ಅದು ಬೇಡಪ್ಪ" ಅಂದೆ.

"ಯಾಕ್ಲಾ?"

"ಅದು ನಮ್ಮ ಗುಲಾಮಗಿರಿ. ಅದನ್ನ ಉಳಿಸೋದು ಬೇಡ."

ಅಪ್ಪ ನನ್ನನ್ನು ನೋಡಿದ. ಅಜ್ಜಿ ಗೋಡೆಗೊರಗಿ ಕೂತಿದ್ದ ಆ ಹಗಲು ನನ್ನ ಕಿವಿಯಲ್ಲಿತ್ತು; ಅವನ ಕಿವಿಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. "ಇದ್ರಾಗೆ ದೊಡ್ಡದು ಅದೇ ಕಣಪ್ಪ" ಅಂದ, ಮೆಲ್ಲಗೆ. ನನ್ನ ಬೆರಳು ಸ್ಟಾಪ್ ಗುಂಡಿಯ ಮೇಲೇ ಇತ್ತು. ಅವನು ಕೊರಳಿನಿಂದ ಪಟ್ಟಿ ತೆಗೆದ. ಮಿಕ್ಕವರೂ ತೆಗೆದರು. ಮಾವ ಬೆಂಕಿಗೆ ಮಣ್ಣು ಎಳೆದ.

ತಮಟೆಗಳು ಅಟ್ಟ ಸೇರಿದವು. ನಾಲ್ಕಾರು ವರ್ಷದಲ್ಲಿ ಇಲಿ ಕಡಿದು ಹಾಳಾದವು. ಮೇಳದವರಲ್ಲಿ ಕೆಲವರು ಸತ್ತರು, ಕೆಲವರು ಕೂಲಿಗೆಂದು ಊರು ಬಿಟ್ಟರು. ಅಪ್ಪ ಕುರಿ ಕಾಯುತ್ತಿದ್ದ. ಆ ಕ್ಯಾಸೆಟ್ಟನ್ನು ನಾನು ಹಾಕಿ ಕೇಳಿಸಿದಾಗಲೆಲ್ಲ ಕೊನೆಯ ವರಸೆ ಮುಗಿಯುತ್ತಲೇ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಎಂಬತ್ತರ ದಶಕ ಮುಗಿಯುವ ಮೊದಲೇ ಅಪ್ಪ ಹೋದ. ಹೊಸ ಪಂಚೆ ಹೊದಿಸಿ, ಚಟ್ಟ ಎತ್ತಿದೆವು. ಸುತ್ತಮುತ್ತಲ ನಾಲ್ಕು ಊರಿನ ಹೆಣಗಳನ್ನು ಕಳಿಸಿಕೊಟ್ಟವನ ಮುಂದೆ ಸದ್ದಿರಲಿಲ್ಲ. ಆಗ ನನಗೆ ತಿಳಿದದ್ದು ಒಂದು ಸಣ್ಣ ವಿಷಯ. ಸಾವಿನ ವರಸೆ ಸತ್ತವರಿಗಾಗಿ ಮಾತ್ರ ಇರಲಿಲ್ಲ, ಹೊತ್ತವರ ಕಾಲಿಗಾಗಿಯೂ ಇತ್ತು. ಹೊತ್ತ ನಾವು ನಾಲ್ವರೂ ನಾಲ್ಕು ಬಗೆಯ ಹೆಜ್ಜೆ ಹಾಕುತ್ತಿದ್ದೆವು. ಚಟ್ಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು. ಕಾಲುವೆ ದಾಟುವಾಗ ಅಪ್ಪನ ತಲೆ ಸರಿಯಿತು. ಇಳಿಸಿ, ಸರಿಪಡಿಸಿ, ಮತ್ತೆ ಎತ್ತಿದೆವು. ಹಿಂದೆ ಬರುತ್ತಿದ್ದ ಚಿಕ್ಕಪ್ಪ ನೋಡುತ್ತಿದ್ದ. ಅವನ ಎರಡೂ ಕೈ ಬೆನ್ನ ಹಿಂದಿದ್ದವು.

ತಿಥಿ ಮುಗಿದ ಮಧ್ಯಾಹ್ನ ಚಿಕ್ಕಪ್ಪ ಬಂದು ಜಗಲಿಯಲ್ಲಿ ಕೂತ.

"ಆ ಕ್ಯಾಸೆಟ್ ಹಾಕು ಮಗಾ."

ಅಷ್ಟು ಹೊತ್ತಿಗೆ ನನ್ನದೇ ಒಂದು ಟೇಪ್ ರೆಕಾರ್ಡರ್ ಇತ್ತು. ಹಾಕಿದೆ. ಮದುವೆ, ದೇವರು, ಬೆಂಕಿಯ ಚಟಚಟ, ಮಾವನ ನಗು. ಎರಡನೆಯ ಬದಿಯಲ್ಲಿ ಕೊನೆಗೆ ಆ ಎರಡು ಪೆಟ್ಟು. ಆಮೇಲೆ ಟಕ್ಕೆಂದು ಗುಂಡಿಯ ಸದ್ದು. ಆಮೇಲೆ ಬರಿಯ ಸುಯ್ಯೆನ್ನುವುದು.

"ಮುಂದಕ್ಕೆ ಹಾಕು" ಅಂದ.

"ಮುಂದೆ ಇಲ್ಲ ಚಿಕ್ಕಪ್ಪ."

"ನೀನು ಬಾರಿಸಿ ತೋರಿಸ್ತೀಯಾ?" ಎಂದು ನಾನೇ ಕೇಳಿದೆ. "ತಮಟೆ ಬೇಡ. ಸುಮ್ನೆ ಕೈಯಲ್ಲಿ."

"ನಂದು ನಡುವಿನ ಪೆಟ್ಟು ಕಣಪ್ಪ. ನಾನೊಬ್ನೇ ಬಡುದ್ರೆ ಅದು ಮದ್ವೇನೂ ಅಲ್ಲ, ಸಾವೂ ಅಲ್ಲ. ಎತ್ತೋನು ಬೇಕು."

ಹಾಗೆಂದವನು ಎದ್ದು ಹೋಗಲಿಲ್ಲ. ಪಕ್ಕದಲ್ಲಿದ್ದ ಮರದ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡ. ಟೇಪನ್ನು ಹಿಂದಕ್ಕೆ ಸುತ್ತಿ ಆ ಎರಡು ಪೆಟ್ಟನ್ನು ಇನ್ನೊಂದು ಸಲ ಕೇಳಿಸೆಂದ. ಕೇಳಿಸಿದೆ. ಟಕ್ಕೆಂದದ್ದೇ ತಡ ಮುದ್ರಣದ ಎರಡೂ ಗುಂಡಿ ಒಟ್ಟಿಗೆ ಒತ್ತಿದೆ. ಚಿಕ್ಕಪ್ಪ ಬೆರಳ ಗೆಣ್ಣಿನಿಂದ ಮಣೆಯ ಮೇಲೆ ಶುರು ಮಾಡಿದ. ಎರಡು ಬಡಿಯುತ್ತಿದ್ದ, ನಿಲ್ಲುತ್ತಿದ್ದ. ಒಂದು ಬಡಿಯುತ್ತಿದ್ದ, ನಿಲ್ಲುತ್ತಿದ್ದ. ನಿಂತಾಗಲೆಲ್ಲ ತಲೆ ಸ್ವಲ್ಪ ಎತ್ತಿ ಬಾಗಿಲ ಕಡೆ ನೋಡುತ್ತ ಕಾಯುತ್ತಿದ್ದ. ಮಧುಗಿರಿಯ ಬಸ್ಸು ಹಾದುಹೋಯಿತು, ಯಾರದೋ ಮನೆಯಲ್ಲಿ ಪಾತ್ರೆ ಬಿತ್ತು. ಟೇಪು ತಾನಾಗಿ ಮುಗಿದು ಗುಂಡಿ ಮೇಲೆ ಬರುವ ತನಕ ನಾನು ಕೈ ಹಚ್ಚಲಿಲ್ಲ.

ಅದನ್ನು ಮೇಳದ ಧ್ವನಿಮುದ್ರಣ ಅನ್ನಲು ಬರುವುದಿಲ್ಲ. ಒಂಬತ್ತರಲ್ಲಿ ಒಂದು ಕೈ, ಅದೂ ಮಣೆಯ ಮೇಲೆ. ಆದರೆ ಅವನು ಬಿಟ್ಟ ಜಾಗಗಳು ಅಳತೆ ತಪ್ಪದೆ ಅದರಲ್ಲಿವೆ. ಅಪ್ಪನ ಪೆಟ್ಟು ಎಲ್ಲೆಲ್ಲಿ ಬೀಳಬೇಕಿತ್ತು ಎಂಬುದು ನನಗೆ ಗೊತ್ತಿರುವುದು ಅಷ್ಟರಿಂದಲೇ.