ಇಲಿ ಅಕ್ಕನ ಹಸಿರು

ಅಕ್ಕ ಹೋಗಿ ತಿಂಗಳಾಗುತ್ತ ಬಂತು. ಮಗಳು ಮಧ್ಯಾಹ್ನದ ನಿದ್ದೆಯಲ್ಲಿದ್ದಾಳೆ, ಬಟ್ಟೆ ಮಡಚಿಟ್ಟಾಯಿತು. ಅವಳೇಳುವ ಮೊದಲು ಅಕ್ಕನ ಬಗ್ಗೆ ಬರೆದಿಡುತ್ತೇನೆ.

ಅಕ್ಕ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮನೆಯವರಿಗೆಲ್ಲ ಅವಳು ಇಲಿ ಅಕ್ಕ. ನಿಜಕ್ಕೂ ಇಲಿ ಮುಟ್ಟಿದವಳೇ ಅಲ್ಲ. ಅಡುಗೆಮನೆಯಲ್ಲಿ ಒಂದು ಓಡಿದರೆ ಎಲ್ಲರಿಗಿಂತ ಮೊದಲು ಕುರ್ಚಿ ಹತ್ತುತ್ತಿದ್ದವಳು ಅವಳೇ. ಒಮ್ಮೆ ನನ್ನ ಮಗಳು ಗಂಟುಬಿದ್ದಳು, "ದೊಡ್ಡಮ್ಮಾ, ನಿನ್ ಇಲಿ ತೋರ್ಸು."

"ಇಲಿ ಇಲ್ಲ ಕಣೇ. ಇಲೀದು ಒಂದು ಜೀನ್ ಇದೆ, ಅದೂ ಕೆಟ್ಟಿರೋದು. ಬಳೆಯಂಥ ಡಿಎನ್‌ಎ ಒಳಗೆ ಕೂರಿಸಿಟ್ಟಿದೀನಿ. ಕಣ್ಣಿಗೆ ಕಾಣಲ್ಲ."

"ಹಾಗಾದ್ರೆ ಸುಳ್ಳು!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆ ಬಳೆಗೆ ಪ್ಲಾಸ್ಮಿಡ್ ಎನ್ನುತ್ತಾರೆ. ಜೀನ್ ಹಾಗೆ ಕೆಟ್ಟ ಇಲಿ ಹಿಂಗಾಲು ಎಳೆದುಕೊಂಡು ನಡೆಯುತ್ತದಂತೆ. ಪ್ಲಾಸ್ಮಿಡ್ಡನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ತೆಗೆದು, ತಟ್ಟೆಯಲ್ಲಿ ಸಾಕಿದ ಸಸ್ತನಿ ಜೀವಕೋಶಗಳಿಗೆ ಸೇರಿಸಿದರೆ, ಅವು ಆ ಕೆಟ್ಟ ಪ್ರೋಟೀನನ್ನೇ ತಯಾರಿಸುತ್ತವೆ. ಸರಿಯಿರುವ ಪ್ರೋಟೀನು ಕೋಶದ ಅಂಚಿಗೆ ಹೋಗಬೇಕು; ಹಸಿರಾಗಿ ಹೊಳೆಯುವ ಗುರುತನ್ನೂ ಅಂಟಿಸಿರುವುದರಿಂದ ಕೆಟ್ಟದ್ದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಾಣುತ್ತದೆ. ಅದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅಕ್ಕನ ಆಸೆ. ಆದರೆ ಬ್ಯಾಕ್ಟೀರಿಯಾಕ್ಕೆ ಈ ಜೀನ್ ಹೊರೆ. ಬೆಚ್ಚಗಿಟ್ಟರೆ ಭರಭರ ಬೆಳೆಯುತ್ತವೆ, ಜೀನನ್ನು ಮಾತ್ರ ಕಳಚಿ ಎಸೆಯುತ್ತವೆ. ತಂಪಿನಲ್ಲಿ, ನಿಧಾನವಾಗಿಯೇ ಬೆಳೆಸಬೇಕು.

ಅಷ್ಟರಲ್ಲಿ ಅಕ್ಕನ ಲಿವರ್ ಕೈಕೊಟ್ಟಿತು. ಜೊತೆ ಕೆಲಸದ ಹುಡುಗಿ ಪ್ಲಾಸ್ಮಿಡ್ಡಿನ ಹೊಣೆ ಹೊತ್ತಳು. ಡಾಕ್ಟರು ಕೈಚೆಲ್ಲಿದ್ದು ಕೇಳಿ, ಅಕ್ಕನಿಗೆ ಬೇಗ ತೋರಿಸಬೇಕೆಂದು ಬ್ಯಾಕ್ಟೀರಿಯಾವನ್ನು ಬೆಚ್ಚಗಿಟ್ಟಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡು ಆಸ್ಪತ್ರೆಗೆ ಬಂದಳು.

"ಅಕ್ಕಾ, ಒಂದು ಕೋಶಾನೂ ಹೊಳೀಲಿಲ್ಲ."

"ಬಿಸಿಗಿಟ್ಟೆಯಾ?"

"ಹೂಂ."

"ಜೀನ್ ಬಿಸಾಕಿರುತ್ವೆ, ಕಳ್ಳಮುಂಡೇವು. ಅಳ್ಬೇಡ. ತಂಪಲ್ಲಿ ಮತ್ತೆ ಹಾಕು." ಆಮೇಲೆ ನನ್ನತ್ತ ತಿರುಗಿ, "ನಾನೇನು ಬಸ್ ಹಿಡೀಬೇಕಾ? ಇವಳಿಗೆ ಇಷ್ಟು ಅವಸರ ಯಾಕೇ?" ಎಂದಳು. ನಾನು ಅವಳ ದಿಂಬು ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದೆ.

ಹುಡುಗಿ ತಂಪಿನಲ್ಲಿ ಮತ್ತೆ ಹಾಕಿದಳು. ಅದು ಕೈಗೆ ಬರುವವರೆಗೆ ಅಕ್ಕ ಉಳಿಯಲಿಲ್ಲ.

ನಿನ್ನೆ ಆ ಹುಡುಗಿ ಮನೆಗೆ ಬಂದು ಫೋನಿನಲ್ಲಿ ಚಿತ್ರ ತೋರಿಸಿದಳು. ಕತ್ತಲಲ್ಲಿ ಜೀವಕೋಶಗಳು. ಹಸಿರು ಅಂಚಿಗೆ ಹೋಗದೆ ನಡುವೆಯೇ ಮುದ್ದೆಗಟ್ಟಿ ಕೂತಿತ್ತು.

"ಅಂಚಿಗೆ ಹೋಗಲ್ಲ ಅಂತ ಅಕ್ಕ ಮೊದ್ಲೇ ಹೇಳಿದ್ರು. ನಾನು ಬಿಸಿಗಿಡದೇ ಇದ್ದಿದ್ರೆ ನೋಡಿರ್ತಿದ್ರು."

ಅವಳು ಹೇಳಿದ್ದು ನಿಜವೇ. "ಅವಳಿಗೋಸ್ಕರ ತಾನೇ ಮಾಡಿದ್ದು. ಏಳು, ಊಟ ಮಾಡು," ಎಂದೆ.

ಮಗಳು ನನ್ನ ತೊಡೆಯೇರಿ ಫೋನಿಗೆ ಮೂಗು ತಾಗಿಸಿದಳು. "ಇದೇನಾ ದೊಡ್ಡಮ್ಮನ ಇಲಿ? ಸುಳ್ಳಲ್ಲ ಹಾಗಾದ್ರೆ! ದೊಡ್ಡಮ್ಮ ನೋಡಿದ್ಲಾ?"

ಪರದೆ ಮಂಕಾಯಿತು. ಮಗಳು ಬೆರಳಿಂದ ತಟ್ಟಿ ಅದನ್ನು ಮತ್ತೆ ಬೆಳಗಿಸಿದಳು.